ಶರಾವತಿ ಪಂಪ್ಡ್ ಸ್ಟೋರೇಜ್: ವರದಿಯಲ್ಲಿರೋ ಮೀನು, ಪ್ರಾಣಿ ಪಟ್ಟಿ ನಂಬೋದು ಹೇಗೆ?

ಲೆಕ್ಕದಮ್ಮ

ನಮಸ್ಕಾರ. ನಾನು ಸಾಗರ ತಾಲ್ಲೂಕಿನವಳು. ಓದಿದ್ದು ಬಿ.ಕಾಂ., ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯೋ ಕೆಲಸ. ಅಜ್ಜನ ಮನೆ, ಗದ್ದೆ ಎಲ್ಲ ಲಿಂಗನಮಕ್ಕಿ ಹಿನ್ನೀರಿನಡಿ ಹೋಗಿದ್ದು. ಮುಳುಗಡೆಯವರ ಮನೆ ಅಂದಮೇಲೆ ಕೇಳ್ಬೇಕಾ, ಹೊಸ ಯೋಜನೆ ಸುದ್ದಿ ಬಂದ್ರೆ ಅಪ್ಪಯ್ಯ ಪೇಪರ್ ಮಡಚಿಟ್ಟು ತೋಟಕ್ಕೆ ಹೊರಟುಬಿಡ್ತಾರೆ. ನನಗೆ ಓದಿ ನೋಡದೆ ಸಮಾಧಾನ ಇಲ್ಲ.

ಯೋಜನೆ ಏನು ಅಂತ ಇಲ್ಲಿ ಬಹಳ ಜನಕ್ಕೆ ಗೊತ್ತೇ ಇದೆ. ಮೇಲೆ ತಳಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ. ಎರಡೂ ಹಳೇವೇ. ನಡುವೆ ನೆಲದೊಳಗೆ ಸುರಂಗ, ಪವರ್ ಹೌಸ್. ಕರೆಂಟ್ ಉಳಿದಾಗ ಕೆಳಗಿನ ನೀರು ಮೇಲಕ್ಕೆತ್ತೋದು, ಬೇಕಾದಾಗ ಇಳಿಸಿ 2000 ಮೆಗಾವಾಟ್ ತೆಗೆಯೋದು. ಜಾಗ ಇರೋದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದಲ್ಲಿ. 54 ಹೆಕ್ಟೇರಿಗೂ ಮೇಲೆ ಕಾಡು, 15 ಸಾವಿರಕ್ಕೂ ಹೆಚ್ಚು ಮರ ಹೋಗುತ್ತೆ ಅಂತ ಪತ್ರಿಕೆಗಳಲ್ಲಿ ಬಂತು. 2025ರ ಸೆಪ್ಟೆಂಬರಲ್ಲಿ ಕಾರ್ಗಲ್, ಗೇರುಸೊಪ್ಪ ಎರಡೂ ಕಡೆ ಅಹವಾಲು ಸಭೆ ಆಯ್ತು. ಕಾರ್ಗಲ್ಲಿಗೆ ನಾನೂ ಹೋಗಿದ್ದೆ, ಹಿಂದಿನ ಸಾಲಲ್ಲಿ ಕೂತಿದ್ದೆ. ಮಾತಾಡೋ ಧೈರ್ಯ ಬರಲಿಲ್ಲ.

ಈಗ ನಮ್ಮೂರಿನ ಕೆಲವರು ಸೇರಿ ಒಂದು ಬರಹದ ಮನವಿ ಕೊಡೋಣ ಅಂತಿದೀವಿ. ಮರ, ಗುಡ್ಡ ಕುಸಿಯೋದು, ಇವೆಲ್ಲ ಬೇರೆಯವರು ಬರೀತಾರೆ. ನನ್ನ ಪಾಲಿಗೆ ಬಂದಿದ್ದು ಮೀನು ಮತ್ತೆ ಕಾಡುಪ್ರಾಣಿ. ಅಭ್ಯಾಸ ಆಗಲಿ ಅಂತ ಅಲ್ಲಿ ಇಲ್ಲಿ ಸಿಕ್ಕ ನಾಲ್ಕೈದು ಹಳೇ ಯೋಜನೆಗಳ ಪರಿಸರ ವರದಿ ತೆಗೆದು ಓದಿದೆ. ಲೆಕ್ಕಪತ್ರ ಆದ್ರೆ ಎಲ್ಲಿ ಮುಚ್ಚಿಟ್ಟಿದಾರೆ ಅಂತ ಮೂಗಿಗೇ ಗೊತ್ತಾಗುತ್ತೆ. ಮೀನಿನ ಪಟ್ಟಿ ಮುಂದೆ ನನ್ನ ಮೂಗು ಕೆಲಸ ಮಾಡ್ತಿಲ್ಲ. ಮೂವತ್ತು ಜಾತಿ ಅಂದ್ರೆ ಜಾಸ್ತಿಯಾ, ಕಮ್ಮಿಯಾ? ಪಟ್ಟಿ ಸರಿ ಇದೆಯಾ ಇಲ್ವಾ ಅಂತ ನನ್ನಂಥವರು ಹೇಗೆ ಹೇಳೋದು? ಇನ್ನೊಂದು, ಹೊಸ ಅಣೆಕಟ್ಟೇ ಇಲ್ಲ, ಇದ್ದ ನೀರೇ ಮೇಲೆ ಕೆಳಗೆ ಓಡಾಡುತ್ತೆ ಅಂದಮೇಲೆ ಮೀನಿಗೆ ಏನು ತೊಂದರೆ? ಇದನ್ನ ನಮ್ಮೂರಲ್ಲೇ ಕೇಳಿದವರಿದಾರೆ, ನನ್ನ ಹತ್ರ ಉತ್ತರ ಇರಲಿಲ್ಲ.

ಟರ್ಬೈನ್ ಮಾಮ

ಪ್ರಶ್ನೆ ಚೆನ್ನಾಗಿದೆ. ಮೊದಲು ಸಾರಾಂಶ ಬಿಟ್ಟು ಈ ಯೋಜನೆಯ ಪೂರ್ತಿ ಪರಿಸರ ಪ್ರಭಾವ ವರದಿ ಹಿಡೀರಿ. ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ಯೋಜನೆ ಹೆಸರು ಹಾಕಿ ಹುಡುಕಿ, ಜತೆಗೆ ತಜ್ಞರ ಸಮಿತಿ ಯಾವ್ಯಾವ ಅಂಶ ಅಧ್ಯಯನ ಮಾಡಿ ಅಂತ ಷರತ್ತು ಕೊಟ್ಟಿತ್ತು ಅನ್ನೋ ಪತ್ರವನ್ನೂ ತೆಗೀರಿ. ಕೇಳಿದ್ದೇನು, ಕೊಟ್ಟಿದ್ದೇನು ಅಂತ ಪಕ್ಕಪಕ್ಕ ಇಟ್ಟು ಟಿಕ್ ಹಾಕ್ತಾ ಹೋಗಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.

ಕೂಣಿಗಾರ

ತಂಗಿ, ನಾನು ವಿಜ್ಞಾನಿ ಅಲ್ಲ. ಮೀನು ಸರ್ವೆಗೆ ಬರ್ತಿದ್ದವರ ಜತೆ ಐದಾರು ವರ್ಷ ಬಲೆ, ಬಕೆಟ್ಟು ಹೊತ್ತವನು. ಆಮೇಲೆ ಅಡಿಕೆ ತೋಟಕ್ಕೆ ವಾಪಸ್ ಬಂದೆ. ಆದ್ರೆ ಪಟ್ಟಿ ಹೇಗೆ ಹುಟ್ಟುತ್ತೆ ಅಂತ ಕಣ್ಣಾರೆ ಕಂಡಿದೀನಿ, ಅದಷ್ಟು ಹೇಳ್ತೀನಿ.

ಒಂದು ಸಲ ಮೂರು ಜನ ಬಂದ್ರು. ಯಾರ ಕಡೆಯವರು, ಯಾವ ಕಣಿವೆ ಅಂತ ಬೇಡ, ಶರಾವತಿಯದ್ದಂತೂ ಅಲ್ಲ. ಶಿವರಾತ್ರಿ ಕಳೆದ ವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಸೇತುವೆ ಬುಡದಲ್ಲಿ ಜೀಪು ನಿಲ್ಸಿ, ಗುಂಡಿಯಲ್ಲಿ ನಿಂತ ನೀರಿಗೆ ನಾಲ್ಕು ಸಲ ಬೀಸುಬಲೆ ಬೀಸಿದ್ವಿ. ಬಂದಿದ್ದನ್ನ ಫೋಟೋ ಹೊಡೆದ್ರು. ಆಮೇಲೆ ಚಾ ಅಂಗಡಿಯಲ್ಲಿ ಕೂತು, ಇಲ್ಲಿ ಯಾವ್ಯಾವ ಮೀನು ಸಿಗುತ್ತೆ ಅಂತ ಅಂಗಡಿಯವನ್ನ ಕೇಳಿದ್ರು. ಅವನು ಬಾಯಿಗೆ ರುಚಿ ಹತ್ತಿದ್ದೆಲ್ಲ ಹೇಳಿದ. ಪುಣ್ಯಕ್ಕೆ ಬಂಗಡೆ ಒಂದು ಬಿಟ್ಟಿದ್ದ. ಊಟದ ಹೊತ್ತಿಗೆ ಪಟ್ಟಿ ರೆಡಿ.

ಅದೇ ಹಳ್ಳಕ್ಕೆ ಅದೇ ವರ್ಷ ಕಾಲೇಜು ಹುಡುಗರು ಇಬ್ಬರು ಬಂದ್ರು. ಮಿರ್ಗಶಿರ ಮಳೆ ಹಿಡಿದಿತ್ತು. ಮಲೆನಾಡಿನವರಿಗೆ ಹತ್ತು ಮೀನು ಅಂದ್ರೆ ವಿವರಿಸಬೇಕಿಲ್ಲ, ನೀವಂತೂ ಚಿಕ್ಕವರಿದ್ದಾಗ ನೋಡಿರ್ತೀರಿ. ಹೊರಗಿನವರು ಓದ್ತಿದ್ರೆ ಅಂತ ಹೇಳ್ತೀನಿ, ಅದು ಒಂದು ಜಾತಿ ಅಲ್ಲ. ಮೊದಲ ಕೆಂಪು ನೀರು ಬಂದ ರಾತ್ರಿ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆ ಬದುವಿಗೆ ಮೊಟ್ಟೆ ಇಡೋಕೆ ಹತ್ತಿ ಬರೋ ಮೀನಿಗೆಲ್ಲ ಅದೇ ಹೆಸರು. ಆ ರಾತ್ರಿ ನಾವು ಹಳ್ಳಕ್ಕೆ ಅಡ್ಡ ಕೂಣಿ (ಮೀನು ಹಿಡಿಯೋ ಬಿದಿರ ಬುಟ್ಟಿ) ಇಟ್ಟು, ಕಂಬಳಿಕೊಪ್ಪೆ ಹಾಕ್ಕೊಂಡು ಬೆಳಗಿನ ಜಾವ ಮೂರರ ತನಕ ಕೂತಿದ್ವಿ. ಕೂಣಿ ಎತ್ತಿದಾಗ ಬಿದಿರ ಸಂದಿಯಿಂದ ಮೊಟ್ಟೆ ಜಿನುಗ್ತಿತ್ತು, ಅಷ್ಟು ಬಸಿರಿ ಮೀನು. ಮಾರ್ಚಿನ ಪಟ್ಟಿಯಲ್ಲಿ ಇಲ್ಲದ ಏಳು ಜಾತಿ ಒಂದೇ ರಾತ್ರಿಗೆ ಸಿಕ್ಕಿತು. ಹುಡುಗರು ಒಂದೊಂದನ್ನೂ ಅಳೆದು, ಬರೆದು, ಮತ್ತೆ ನೀರಿಗೆ ಬಿಟ್ರು. ನಮ್ಮನೆ ಮುದುಕ ಮಾತ್ರ ಎರಡು ದಿನ ಮಾತು ಬಿಟ್ಟಿದ್ದ, ಹಿಡಿದ ಮೀನು ಬಿಟ್ಟು ಬರೋದು ಯಾವ ಓದು ಅಂತ.

ಈಗ ನಿಮ್ಮ ಭಾಷೆಯಲ್ಲೇ ಕೇಳ್ತೀನಿ. ಅಂಗಡಿಯ ಸ್ಟಾಕು ಎಣಿಸೋವಾಗ ಬಾಗಿಲಲ್ಲಿ ನಿಂತು ಕಂಡಷ್ಟು ಬರೀತೀರಾ, ಉಗ್ರಾಣಕ್ಕೂ ಹೋಗ್ತೀರಾ? ಮೀನಿನ ಅಧ್ಯಾಯ ತೆಗೆದ ಕೂಡ್ಲೆ ಜಾತಿ ಎಷ್ಟು ಅಂತ ನೋಡ್ಬೇಡಿ. ಯಾವ ತಿಂಗಳು, ಹಗಲಾ ರಾತ್ರಿಯಾ, ಯಾವ ಯಾವ ಜಾಗ, ಯಾವ ಕಣ್ಣಿನ ಬಲೆ, ಎಷ್ಟು ಹೊತ್ತು ಅಂತ ನೋಡಿ. ನದಿ ಕಣಿವೆ ಯೋಜನೆಗಳಿಗೆ ಮಳೆಗಾಲಕ್ಕೆ ಮುಂಚೆ, ಮಳೆಗಾಲ, ಮಳೆ ಕಳೆದ ಮೇಲೆ ಅಂತ ಮೂರು ಹಂಗಾಮಿನ ಮಾಹಿತಿ ಕೇಳೋದು ವಾಡಿಕೆ. ಮಳೆಗಾಲದ ದಿನಾಂಕ ಇದೆಯಾ ನೋಡಿ. ಇದ್ರೂ ಅದು ಆಗಸ್ಟ್ ಕೊನೇದಾಗಿದ್ರೆ ಹತ್ತು ಮೀನು ಹತ್ತಿ ಇಳಿದು ಎಷ್ಟೋ ದಿನ ಆಗಿರುತ್ತೆ.

ಒಳ್ಳೇ ಸರ್ವೆಯಲ್ಲಿ ಇನ್ನೊಂದು ಇರುತ್ತೆ. ಮೊದಲ ದಿನ ಹತ್ತು ಹೊಸ ಜಾತಿ, ಎರಡನೇ ದಿನ ನಾಲ್ಕು, ಮೂರನೇ ದಿನ ಒಂದು, ಆಮೇಲೆ ಸೊನ್ನೆ. ಹೀಗೆ ಹೊಸದು ಬರೋದು ನಿಂತಮೇಲೆ ಬಲೆ ಮಡಚಿದ್ರೆ ನಂಬಬಹುದು. ಇನ್ನೂ ಹೊಸದು ಬರ್ತಿರೋವಾಗಲೇ ಮಡಚಿದ್ರೆ, ಆ ಪಟ್ಟಿ ಸರ್ವೆಯವರಿಗೆ ಎಷ್ಟು ದಿನದ ಭತ್ಯೆ ಸಿಕ್ಕಿತ್ತು ಅಂತ ಹೇಳುತ್ತೆ, ಹೊಳೆ ಬಗ್ಗೆ ಏನೂ ಹೇಳಲ್ಲ.

ಜಾತಿ ಜಾಸ್ತಿ ಇದ್ರೆ ಒಳ್ಳೇದು ಅಂತಲೂ ತಿಳ್ಕೋಬೇಡಿ. ಕಾಟ್ಲಾ, ರೋಹು, ಜಿಲೇಬಿ (ತಿಲಾಪಿಯಾ) ಇವೆಲ್ಲ ಜಲಾಶಯಕ್ಕೆ ಬಿತ್ತಿದ ಮೀನು. ಅವನ್ನೂ ಸೇರಿಸಿದ್ರೆ ಪಟ್ಟಿ ಉದ್ದ ಆಗುತ್ತೆ. ಅವನ್ನ ಪೆನ್ಸಿಲಲ್ಲಿ ಹೊಡೆದು ಹಾಕಿ, ಉಳಿದದ್ದು ನೋಡಿ. ಉಳಿದದ್ದರಲ್ಲಿ ಬೆರಳುದ್ದದ ಮೀನು ಎಷ್ಟಿವೆ ನೋಡಿ.

ಯಾಕಂದ್ರೆ ನಮ್ಮ ಹಳ್ಳಗಳ ನಿಜವಾದ ಆಸ್ತಿ ಈ ಬೆರಳುದ್ದದವು. ಶರಾವತಿ ಹೆಸರು ಹೊತ್ತ ಪುಟ್ಟ ಮೀಸೆ ಮೀನು ಒಂದಿದೆ, ಬಟಾಸಿಯೋ ಶರಾವತಿಯೆನ್ಸಿಸ್. ವಿಜ್ಞಾನಕ್ಕೆ ಅದು ಗೊತ್ತಾಗಿದ್ದು 2004ರಲ್ಲಿ. ಹಳ್ಳದ ಕಲ್ಲಡಿ ಬದುಕೋ ಪಟ್ಟೆ ಮೀನು ಎರಡು, ಶಿಸ್ಟುರಾ ಶರಾವತಿಯೆನ್ಸಿಸ್ ಮತ್ತೆ ನಾಗೋಡಿ ಊರಿನ ಹೆಸರಿನ ಶಿಸ್ಟುರಾ ನಾಗೋಡಿಯೆನ್ಸಿಸ್, 2006ರಲ್ಲಿ ಹೆಸರು ಪಡೆದವು. ಲಿಂಗನಮಕ್ಕಿ ಆಗಿದ್ದು 1964. ಅಂದ್ರೆ ಅಣೆಕಟ್ಟಿಗೆ ನಲವತ್ತು ವರ್ಷ ತುಂಬಿದ ಮೇಲೆ ಈ ಹೊಳೆಯಲ್ಲಿ ಇಂಥವು ಇದ್ದಾವೆ ಅಂತ ಬರೆದಿಟ್ಟಿದ್ದು. ನಿಮ್ಮಜ್ಜನ ಗದ್ದೆ ಜತೆ ಮುಳುಗಿದ ಹಳ್ಳಗಳಲ್ಲಿ ಏನೇನಿತ್ತೋ, ಅದನ್ನ ಎಣಿಸಿದವರಿಲ್ಲ.

ಆ ಕಲ್ಲಡಿ ಮೀನು ನೋಡ್ಬೇಕಾದ್ರೆ ಒಂದು ಕೆಲಸ ಮಾಡಿ. ಮೊಣಕಾಲುದ್ದ ನೀರು ಓಡೋ ಜಾಗದಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲೊಂದನ್ನ ಮೆಲ್ಲಗೆ ಎತ್ತಿ. ಕೆಳಗೆ ಮರಳಿನ ಬಣ್ಣದ್ದು, ಮೈಮೇಲೆ ಕಪ್ಪು ಪಟ್ಟೆ, ಬಾಯಿ ಹತ್ರ ಸಣ್ಣ ಮೀಸೆ. ಓಡಲ್ಲ, ಹೊಟ್ಟೆ ನೆಲಕ್ಕೊತ್ತಿ ಹಾಗೇ ಇರುತ್ತೆ, ನಿಮಗೆ ಕಾಣಿಸ್ತಿಲ್ಲ ಅಂತ ಅದರ ನಂಬಿಕೆ. ಅದು ಬದುಕೋದು ಕಲ್ಲಿಗೂ ಮರಳಿಗೂ ನಡುವಿನ ಸಂದಿಯಲ್ಲಿ. ಎರಡು ವರ್ಷ ಹಿಂದೆ ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಯಾರೋ ರಸ್ತೆ ಮಾಡೋಕೆ ಜೆಸಿಬಿ ಬಿಟ್ರು. ಎರಡು ಮಳೆಗೆ ಹಳ್ಳ ಪೂರ್ತಿ ಕಾವಿ ಬಣ್ಣ. ನೀರು ತಿಳಿಯಾದ ಮೇಲೆ ಕಲ್ಲು ಎತ್ತಿ ನೋಡಿದೆ. ಕಲ್ಲಿನ ಸುತ್ತ ದೋಸೆ ಹಿಟ್ಟಿನ ಹಾಗೆ ಮಣ್ಣು ಕೂತು ಸಂದಿಯೆಲ್ಲ ಮುಚ್ಚಿಹೋಗಿತ್ತು. ಅವತ್ತು ಇಪ್ಪತ್ತು ಕಲ್ಲು ಎತ್ತಿದೆ, ಒಂದು ಮೀನೂ ಇಲ್ಲ. ನೀರಿತ್ತು, ನೀರಿನ ಪರೀಕ್ಷೆ ಮಾಡಿದ್ರೆ ಪಾಸೂ ಆಗ್ತಿತ್ತೇನೋ.

ಸುರಂಗ ಅಂದ್ರೆ ನೆಲದೊಳಗಿಂದ ಬರೋ ಕಲ್ಲುಮಣ್ಣು. ಅದು ಎಲ್ಲಿ ಸುರೀತಾರೆ, ಆ ರಾಶಿಯಿಂದ ಹತ್ತಿರದ ಹಳ್ಳ ಎಷ್ಟು ಮಾರು, ಮಳೆಗಾಲದಲ್ಲಿ ಏನು ತಡೆ, ಈ ಮೂರು ಕೇಳಿ. ನಮ್ಮ ಕಡೆ ಮಳೆ ಹೇಗೆ ಸುರಿಯುತ್ತೆ ಅಂತ ನಿಮಗೆ ಗೊತ್ತಲ್ಲ, ತಡೆಗೋಡೆಯ ಚಿತ್ರ ತೋರಿಸಿದ್ರೆ ಸಾಲದು.

ಇನ್ನು ‘ಇದ್ದ ನೀರೇ ತಾನೆ’ ಅನ್ನೋ ಮಾತು. ರಾತ್ರಿ ಬಹಳ ಆಯ್ತು, ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಬರೀತೀನಿ.

ಕೂಣಿಗಾರ

ಹಾಂ, ಮುಂದುವರಿಸ್ತೀನಿ.

ಮೀನಿಗೆ ನೀರು ಎಷ್ಟಿದೆ ಅನ್ನೋದಕ್ಕಿಂತ ಯಾವಾಗ ಏರುತ್ತೆ, ಯಾವಾಗ ಇಳಿಯುತ್ತೆ ಅನ್ನೋದು ಮುಖ್ಯ. ಔಲು ಮೀನು ದಡದ ಹುಲ್ಲಲ್ಲಿ, ಮೊಣಕಾಲಿನಷ್ಟು ನೀರಲ್ಲಿ ಮೊಟ್ಟೆ ಇಟ್ಟು ಕಾಯುತ್ತೆ. ಮರಿ ಆದಮೇಲೆ ಕೆಂಪು ಚಾಪೆ ಹಾಸಿದ ಹಾಗೆ ಮೇಲ್ಗಡೆ ಆಡ್ತಿರುತ್ತವೆ, ತಾಯಿ ಕೆಳಗಿಂದ ಕಾಯ್ತಿರುತ್ತೆ. ಬೆಳಿಗ್ಗೆ ಅಲ್ಲಿದ್ದ ನೀರು ಮಧ್ಯಾಹ್ನ ಪಂಪ್ ಓಡಿದಾಗ ಎರಡು ಮಾರು ಹಿಂದೆ ಸರಿದ್ರೆ ಮೊಟ್ಟೆ ಬಿಸಿಲಿಗೆ ಬಿತ್ತು. ಗೇರುಸೊಪ್ಪದ ನೀರು ಈಗಲೂ ಮೇಲಿನ ಪವರ್ ಹೌಸ್ ಓಡಿದ ಹಾಗೆ ಏರಿಳಿಯೋದೇ, ಅದನ್ನ ಮುಚ್ಚಿಟ್ಟು ಮಾತಾಡ್ಬಾರದು. ಈಗ ದಿನಕ್ಕೆ ಎಷ್ಟು, ಆಮೇಲೆ ದಿನಕ್ಕೆ ಎಷ್ಟು, ಗಂಟೆಗೆ ಎಷ್ಟು ಅಂತ ಕೇಳಿ. ತಳಕಳಲೆಗೂ ಅದೇ ಪ್ರಶ್ನೆ.

ಎರಡನೇದು ಪಂಪಿನ ಬಾಯಿ. ದೊಡ್ಡ ಮೀನಿಗೆ ಜಾಲರಿ ಹಾಕಬಹುದು. ಮೊಟ್ಟೆ, ಅಕ್ಕಿಕಾಳಿನಷ್ಟು ಮರಿಗೆ ಯಾವ ಜಾಲರಿ? ಅವು ನೀರಿನ ಜತೆ ಎಳಕೊಂಡು ಹೋಗ್ತಾವೆ, ನಾನೂರೈವತ್ತು ಮೀಟರ್ ಎತ್ತರದ ಒತ್ತಡ ಒಂದೇ ಸಲಕ್ಕೆ ಮೈಮೇಲೆ.

ಮೂರನೇದು ನನ್ನ ತಲೆ ಕೊರೀತಿರೋದು. ಬೇರೆಯವರು ಕೇಳಿದ್ದು ನಾನು ಕಂಡಿಲ್ಲ. ಜೋಗ 253 ಮೀಟರ್. ಯಾವ ಮೀನೂ ಅದನ್ನ ಹತ್ತೋದಿಲ್ಲ. ಜಲಪಾತದ ಮೇಲಿನ ಮೀನೇ ಬೇರೆ ಸಂಸಾರ, ಕೆಳಗಿನದ್ದೇ ಬೇರೆ ಸಂಸಾರ, ಎಷ್ಟು ಸಾವಿರ ವರ್ಷದಿಂದಲೋ. ತಳಕಳಲೆ ನೀರು ಲಿಂಗನಮಕ್ಕಿಯಿಂದ ಬರೋದು, ಅಂದ್ರೆ ಮೇಲಿನ ಸಂಸಾರ. ಗೇರುಸೊಪ್ಪ ಕೆಳಗಿನದ್ದು. ಮೇಲಿಂದ ಕೆಳಕ್ಕೆ ಮೀನು ಬೀಳೋದು ಮೊದಲಿಂದ ಇದ್ದಿದ್ದೇ. ಕೆಳಗಿಂದ ಮೇಲಕ್ಕೆ ನೀರೆತ್ತೋದು ಈ ಕಣಿವೆಯಲ್ಲಿ ಇದೇ ಮೊದಲು. ಆ ನೀರಿನ ಜತೆ ಬದುಕಿ ಮೇಲೆ ಬಂದದ್ದು ಏನು ಮಾಡುತ್ತೆ? ಜಿಲೇಬಿಯಂಥದ್ದು ಗಟ್ಟಿ ಪ್ರಾಣಿ, ನೂರಕ್ಕೆ ಎರಡು ಬದುಕಿದ್ರೂ ಸಾಕು. ವರದಿಯಲ್ಲಿ ಇದಕ್ಕೆ ಒಂದು ಪ್ಯಾರಾ ಇದೆಯಾ ಹುಡುಕಿ. ಇಲ್ಲದಿದ್ರೆ ನಿಮ್ಮ ಮನವಿಯಲ್ಲಿ ಇದೇ ಮೊದಲನೇ ಪ್ರಶ್ನೆ ಆಗಲಿ.

ಕೊನೆಯಲ್ಲಿ ‘ಮೀನು ನಿರ್ವಹಣಾ ಯೋಜನೆ’ ಅಂತ ಒಂದು ಪುಟ ಇರುತ್ತೆ, ಇಂಥ ವರದಿಗಳ ಸಂಪ್ರದಾಯ. ಮರಿ ಬಿತ್ತನೆಗೆ ಇಷ್ಟು ಲಕ್ಷ, ಮೀನುಗಾರರಿಗೆ ತರಬೇತಿಗೆ ಇಷ್ಟು. ಯಾವ ಮರಿ ಅಂತ ನೋಡಿ. ಕಾಟ್ಲಾ ಮರಿ ಬಿಟ್ರೆ ಪಟ್ಟೆ ಮೀನಿನ ಸಾಲ ತೀರಲ್ಲ.

ಕಾನುಹಕ್ಕಿ

ನಾನು ಪ್ರಾಣಿಶಾಸ್ತ್ರ ಓದ್ತಿರೋಳು, ಪಕ್ಕದ ಕಾಡಲ್ಲೇ ಒಂದಷ್ಟು ತಿಂಗಳು ಓಡಾಡಿದೀನಿ. ಅಣ್ಣ ಮೀನಿನದ್ದು ಎಲ್ಲ ಹೇಳಿದ್ರು. ನಾನು ಸಿಂಗಳೀಕದ ಬಗ್ಗೆ ಸ್ವಲ್ಪ ಸೇರಿಸ್ತೀನಿ.

ಪ್ರಾಣಿ ಅಧ್ಯಾಯದಲ್ಲಿ ‘ಕ್ಯಾಮೆರಾ ಟ್ರ್ಯಾಪ್ ಇಟ್ಟಿದ್ವಿ’ ಅಂತಿದ್ರೆ ಎಷ್ಟು ಎತ್ತರದಲ್ಲಿ ಅಂತ ಕೇಳಿ ಅಕ್ಕ. ಮೊಣಕಾಲೆತ್ತರಕ್ಕೆ ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಕಾಟಿ, ಹಂದಿ, ಚಿರತೆ ಬರ್ತಾವೆ. ಸಿಂಗಳೀಕ ದಿನದ ಬಹುಪಾಲು ಮರದ ಮೇಲೆ. ಅದನ್ನ ಎಣಿಸೋದು ಅಂದ್ರೆ ಗುಂಪಿನ ಹಿಂದೆ ಕತ್ತು ನೋಯೋ ತನಕ ನಡೆಯೋದು. ಈ ಭಾಗದಲ್ಲಿ 700ರ ಆಸುಪಾಸು ಇವೆ ಅಂತ ಲೆಕ್ಕ. ಪಶ್ಚಿಮ ಘಟ್ಟ ಬಿಟ್ರೆ ಪ್ರಪಂಚದಲ್ಲೆಲ್ಲೂ ಕಾಡಲ್ಲಿ ಇಲ್ಲದ ಪ್ರಾಣಿ, ಅದರಲ್ಲೂ ನಮ್ಮದು ಉತ್ತರದ ತುದಿಯ ಗುಂಪು. 2019ರಲ್ಲಿ ಅಭಯಾರಣ್ಯವನ್ನ 930 ಚದರ ಕಿಲೋಮೀಟರಿಗೆ ಹಿಗ್ಗಿಸಿ ಅದರದ್ದೇ ಹೆಸರಿಟ್ಟಿದ್ದು ಅದಕ್ಕೇ.

930ರಲ್ಲಿ 54 ಹೆಕ್ಟೇರ್ ಎಷ್ಟು ಮಹಾ ಅಂತ ಯಾರಾದ್ರೂ ಕೇಳ್ತಾರೆ, ಕೇಳೇ ಕೇಳ್ತಾರೆ. ಆ ಕಾಡು ಉಂಡೆಯಾಗಿ ಹೋಗುತ್ತಾ, ದಾರದ ಹಾಗೆ ಹೋಗುತ್ತಾ ಅನ್ನೋದು ನೋಡ್ಬೇಕು. ಹತ್ತು ಮೀಟರ್ ಅಗಲದ ರಸ್ತೆ ಐದು ಕಿಲೋಮೀಟರ್ ಹೋದ್ರೆ ಬರೀ 5 ಹೆಕ್ಟೇರ್. ಆದ್ರೆ ಐದು ಕಿಲೋಮೀಟರ್ ಉದ್ದಕ್ಕೂ ಮರದ ತಲೆಗೆ ಮರದ ತಲೆ ತಾಗೋದು ನಿಂತುಹೋಗುತ್ತೆ. ಸಿಂಗಳೀಕಕ್ಕೆ ಆ ತಲೆಗಳೇ ಹಾದಿ. ತಮಿಳುನಾಡಿನ ವಾಲ್ಪಾರೈಯಲ್ಲಿ ತೋಟಗಳ ನಡುವೆ ಸಿಕ್ಕಿಬಿದ್ದ ಗುಂಪುಗಳು ರಸ್ತೆಗಿಳಿದು ಗಾಡಿಗೆ ಸಿಗೋಕೆ ಶುರುವಾದ ಮೇಲೆ ಮರದಿಂದ ಮರಕ್ಕೆ ಹಗ್ಗದ, ಪಟ್ಟಿಯ ಸೇತುವೆ ಕಟ್ಟಿದಾರೆ. ಅವು ಬಳಸ್ತಾವೆ ಕೂಡ. ಅದು ಆಗಿಹೋದ ತಪ್ಪಿಗೆ ಮದ್ದು, ಹೊಸ ರಸ್ತೆಗೆ ಪರವಾನಗಿ ಅಲ್ಲ. ಹೆಣ್ಣು ಸಿಂಗಳೀಕ ಮರಿ ಹಾಕೋದೇ ಎರಡೂವರೆ ವರ್ಷಕ್ಕೊಂದು ಸಲ ಅನ್ನೋ ಹಾಗೆ. ಕಳೆದುಕೊಂಡ್ರೆ ಬೇಗ ತುಂಬ್ಕೊಳ್ಳೋ ಜಾತಿ ಅಲ್ಲ.

ಪರ್ಯಾಯ ಅರಣ್ಯ ಬೆಳೆಸ್ತೀವಿ ಅಂತಿದ್ರೆ ಎಲ್ಲಿ, ಯಾವ ಗಿಡ ಅಂತ ಕೇಳಿ. ಇನ್ನೊಂದು ಜಿಲ್ಲೆಯ ಬಯಲಲ್ಲಿ ನೆಟ್ಟ ಗಿಡದ ಮೇಲೆ ಇಲ್ಲಿನ ಸಿಂಗಳೀಕ ನಡೆಯೋದಿಲ್ಲ. ಹಾಗೇ ರಾಮಪತ್ರೆ ಜಡ್ಡಿಗಳು, ಅಂದ್ರೆ ರಾಮಪತ್ರೆ ಮರಗಳ ಜೌಗು ಕಾಡು, ಎಲ್ಲೆಲ್ಲಿವೆ ಅಂತ ನಕ್ಷೆ ಇದೆಯಾ ನೋಡಿ. ಕತ್ತಲೆಕಾನಿನ ಕಡೆ ನಡೆದವರಿಗೆ ಗೊತ್ತು, ಬೇರು ಮೊಣಕಾಲು ಮಡಚಿದ ಹಾಗೆ ನೀರಿನಿಂದ ಎದ್ದಿರುತ್ತೆ. ಆ ಜಡ್ಡಿ ಒಣಗೋಕೆ ಅದರ ಮರ ಕಡೀಬೇಕಂತಿಲ್ಲ, ಗುಡ್ಡದೊಳಗಿನ ಒರತೆ ದಾರಿ ತಪ್ಪಿದ್ರೆ ಸಾಕು. ಸುರಂಗ ಆ ಒರತೆಗಳ ಮೇಲೆ ಏನು ಮಾಡುತ್ತೆ ಅನ್ನೋದಕ್ಕೆ ಬಾವಿ, ಒರತೆಗಳ ನೀರಿನ ಮಟ್ಟವನ್ನ ಒಂದು ವರ್ಷವಾದರೂ ಅಳೆದಿರಬೇಕು.

ಟರ್ಬೈನ್ ಮಾಮ

ಎಲ್ಲರೂ ಒಂದೇ ದಿಕ್ಕಿಗೆ ಹೋಗ್ತಿದೀರಿ, ನಾನು ಸ್ವಲ್ಪ ಅಡ್ಡ ಮಾತಾಡ್ತೀನಿ. ಬೈಯಬೇಡಿ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್. ಸಂಜೆ ಏಳಕ್ಕೆ ಎಲ್ಲರ ಮನೇಲೂ ಲೈಟು, ಮಿಕ್ಸಿ ಶುರು, ಪಾವಗಡದಲ್ಲಿ ಆಗ ಸೂರ್ಯ ಇಲ್ಲ. ಮಧ್ಯಾಹ್ನದ ಕರೆಂಟ್ ಸಂಜೆಗೆ ಎತ್ತಿಡೋಕೆ ಒಂದು ದಾರಿ ಬೇಕು. ನೂರು ಯೂನಿಟ್ ಹಾಕಿ ನೀರೆತ್ತಿದ್ರೆ ಎಪ್ಪತ್ತೈದು ಎಂಬತ್ತು ವಾಪಸ್ ಬರುತ್ತೆ. ನಷ್ಟ ಹೌದು, ಆದ್ರೂ ಕಲ್ಲಿದ್ದಲು ಸುಡೋದಕ್ಕಿಂತ ವಾಸಿ. ಲಿಂಗನಮಕ್ಕಿಯ ಹಾಗೆ ಊರೂರು ಮುಳುಗಿಸ್ತಿಲ್ಲ. ಇದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ.

ಕೂಣಿಗಾರ

ಮಾಮ, ಯಾಕೆ ಬೈತೀವಿ. ಸಂಜೆ ನಮ್ಮ ತೋಟದ ಮೋಟರಿಗೂ ಕರೆಂಟ್ ಬೇಕು. ಎತ್ತಿಡೋ ದಾರಿ ಬೇಕು ಅನ್ನೋದು ಸರಿ, ಅದು ಸಿಂಗಳೀಕದ ಅಭಯಾರಣ್ಯದೊಳಗೇ ಯಾಕೆ ಅನ್ನೋದಕ್ಕೆ ಪರ್ಯಾಯ ಜಾಗಗಳ ಅಧ್ಯಾಯ ಉತ್ತರ ಕೊಡ್ಬೇಕು. ಆ ಅಧ್ಯಾಯ ಎಷ್ಟು ಪುಟ ಅಂತ ತಂಗಿ ನೋಡಿ ಹೇಳಲಿ. ಹಳೇ ಜಲಾಶಯ ಇದೆ ಅನ್ನೋದೇ ಕಾರಣ ಆದ್ರೆ, ಒಂದು ಸಲ ಅನ್ಯಾಯ ಆದ ಜಾಗಕ್ಕೆ ಎರಡನೇದು ರಿಯಾಯಿತಿ ದರದಲ್ಲಿ ಬಂತು ಅಂದ ಹಾಗಾಯ್ತು. ಇನ್ನೊಂದು, ಕರೆಂಟ್ ಲೈನ್ ಎಲ್ಲಿ ಹೋಗುತ್ತೆ? ವಿದ್ಯುತ್ ಲೈನಿಗೆ ಪರಿಸರ ಪ್ರಭಾವ ವರದಿ ಬೇಕಿಲ್ಲ, ಅರಣ್ಯದ ಅನುಮತಿ ಮಾತ್ರ. ಪವರ್ ಹೌಸಿನ ವರದಿಯಲ್ಲಿ ಲೈನಿನ ಮರ ಸೇರಿದೆಯಾ ಇಲ್ವಾ, ನೀವು ಬಲ್ಲವರು, ನೀವೇ ನೋಡಿ ಹೇಳಿ.

ಟರ್ಬೈನ್ ಮಾಮ

ಲೈನಿನ ಪ್ರಶ್ನೆ ನ್ಯಾಯ. ನೋಡ್ತೀನಿ.

ಮಾವಿನಕುರ್ವೆ ಅಕ್ಕ

ಗಟ್ಟದ ಮೇಲಿನವರೆಲ್ಲ ಗಟ್ಟದಲ್ಲೇ ನಿಲ್ಲಿಸಿದ್ರಿ, ನಾವೂ ಇದೀವಿ ಮಾರಾಯ್ರೆ. ಹೊನ್ನಾವರದ ಅಳಿವೆಯಲ್ಲಿ ನಮ್ಮ ಅಮ್ಮ, ಅಜ್ಜಿ ಎಲ್ಲ ಇಳಿತದ ಹೊತ್ತಿಗೆ ಬುಟ್ಟಿ ತಗೊಂಡು ಚಿಪ್ಪಿಕಲ್ಲು ತೆಗೆಯೋಕೆ ಹೋಗ್ತಿದ್ರು. ಈಗ ನಮ್ಮಲ್ಲಿ ಚಿಪ್ಪಿಕಲ್ಲು ತಿನ್ನೋ ಆಸೆ ಆದ್ರೆ ಕುಮಟಾ ಕಡೆಯಿಂದ, ಅಘನಾಶಿನಿಯದ್ದು ತರಿಸ್ಕೋಬೇಕು. ಕಾರಣ ಏನು ಗೊತ್ತಾ? ಅಘನಾಶಿನಿಗೆ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಹೊಳೆ ನೀರು ಕಮ್ಮಿ ಆಗಿ ಸಮುದ್ರದ ಉಪ್ಪು ಒಳಗೆ ಬರುತ್ತೆ, ಚಿಪ್ಪಿಗೆ ಅದು ಬೇಕು. ಶರಾವತಿಯಲ್ಲಿ ಕರೆಂಟಿಗೆ ಬಿಟ್ಟ ಸಿಹಿನೀರು ವರ್ಷಪೂರ್ತಿ ಬರುತ್ತೆ, ಉಪ್ಪು ಏರೋದೇ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ಎರಡೂ ಅಳಿವೆ ಹೋಲಿಸಿ ಇದನ್ನ ಬರೆದಿದ್ದಾರೆ. ನಮ್ಮಜ್ಜಿ ಅದಕ್ಕೆ ಮುಂಚೆಯೇ ಬೆರಳು ನೀರಿಗದ್ದಿ ನೆಕ್ಕಿ ಹೇಳ್ತಿದ್ಲು, ‘ಇದೆಂಥ ಸಮುದ್ರ, ಬಾವಿ ನೀರಾಯ್ತಲ್ಲ’ ಅಂತ.

ಹೊಸ ಯೋಜನೆಯಿಂದ ಗೇರುಸೊಪ್ಪದ ಕೆಳಗೆ ಬಿಡೋ ನೀರಿನ ಹೊತ್ತು ಬದಲಾಗುತ್ತಾ? ಯಾವ ತಿಂಗಳು, ದಿನದ ಯಾವ ಗಂಟೆ? ನಮ್ಮ ದೋಣಿಯವರು ಉಬ್ಬರ ಇಳಿತದ ಲೆಕ್ಕದ ಮೇಲೆ ಬದುಕೋರು, ಅದರ ಮೇಲೆ ಇನ್ನೊಂದು ಗಡಿಯಾರ ಬಂದ್ರೆ ಮೊದಲೇ ಹೇಳಬೇಕು. ಇಂಥ ವರದಿಗಳು ಯೋಜನೆ ಸುತ್ತ 10 ಕಿಲೋಮೀಟರ್ ವೃತ್ತ ಎಳೆದು ಅದರೊಳಗೆ ಅಧ್ಯಯನ ಮಾಡ್ತಾವೆ. ಗೇರುಸೊಪ್ಪದಿಂದ ಹೊನ್ನಾವರಕ್ಕೆ ಬಸ್ಸಲ್ಲಿ ಬಂದು ನೋಡಿ, ಹತ್ತು ಕಿಲೋಮೀಟರಿಗೆ ಅಳಿವೆಯ ವಾಸನೆಯೂ ಬರಲ್ಲ. ನದಿ ವೃತ್ತದಲ್ಲಿ ಹರಿಯಲ್ಲ ಅಂತ ಒಂದು ಸಾಲು ನಿಮ್ಮ ಮನವಿಯಲ್ಲಿ ಸೇರಿಸಿ ತಂಗಿ. ಬೇಕಾದ್ರೆ ನಮ್ಮ ಕಡೆಯ ಮೀನುಗಾರ ಹೆಂಗಸರ ಸಹಿ ನಾನು ತಂದುಕೊಡ್ತೇನೆ.

ಲೆಕ್ಕದಮ್ಮ

ಅಣ್ಣ, ಅಕ್ಕ, ತಂಗಿ, ಮಾಮ, ಎಲ್ಲರಿಗೂ ದೊಡ್ಡ ನಮಸ್ಕಾರ. ಎರಡು ದಿನ ಕೂತು ಬರೆದೆ. ಮೂರೇ ಪುಟ. ಮೊದಲ ಪುಟ ಪೂರ್ತಿ ಪ್ರಶ್ನೆ: ಸರ್ವೆಯ ದಿನಾಂಕ, ಹೊತ್ತು, ಜಾಗ, ಬಲೆ. ಎರಡನೇದರಲ್ಲಿ ಜೋಗದ ಮೇಲಿನ ಮೀನು, ಕೆಳಗಿನ ಮೀನು, ಪಂಪು. ಮೂರನೇದರಲ್ಲಿ ಮರದ ಹಾದಿ, ಜಡ್ಡಿ, ಅಳಿವೆ. ‘ಯೋಜನೆ ಬೇಡ’ ಅಂತ ಎಲ್ಲೂ ಬರೆದಿಲ್ಲ, ಅಪ್ಪಯ್ಯನಿಗೆ ಅದೇ ಬೇಜಾರು. ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗ್ಬೇಡಿ ಅಂತ ಬರೆದಿದೀನಿ. ಆಡಿಟ್ ಆಕ್ಷೇಪಣೆ ಬರೆದು ರೂಢಿ, ಅದೇ ಧಾಟಿ ಬಂದುಬಿಡ್ತು. ಓದಿ ಕೇಳಿಸಿದಾಗ ಅಪ್ಪಯ್ಯ ಎದ್ದು ಹೋಗಲಿಲ್ಲ. ‘ನಮ್ಮ ಹಳ್ಳದಲ್ಲಿ ಕಲ್ಲು ಹೀರೋ ಮೀನು ಅಂತ ಒಂದಿತ್ತು, ಅದನ್ನ ಬರೆದಿದೀಯಾ’ ಅಂತ ಕೇಳಿದ್ರು. ಆ ಹಳ್ಳ ಈಗ ಹಿನ್ನೀರಿನಡಿ ಇದೆ. ಯಾವ ಮೀನು ಅಣ್ಣ ಅದು?

ಭಾನುವಾರ ತವರಿನ ಹಳ್ಳಕ್ಕೆ ಹೋಗಿ ನೀವು ಹೇಳಿದ ಹಾಗೆ ಕಲ್ಲೂ ಎತ್ತಿದೆ. ಹನ್ನೊಂದನೇ ಕಲ್ಲಿಗೆ ಒಂದು ಸಿಕ್ತು. ಪಟ್ಟೆ ಎಣಿಸೋ ಮೊದಲೇ ಅಣ್ಣನ ಮಗಳು ಕೂಗಿಬಿಟ್ಲು, ಹೋಯ್ತು.

ಕೂಣಿಗಾರ

ಕಲ್ಲು ಹೀರೋ ಮೀನು ಅಂತ ಒಂದೊಂದೂರಲ್ಲಿ ಒಂದೊಂದಕ್ಕೆ ಹೇಳ್ತಾರೆ, ಕಣ್ಣಲ್ಲಿ ಕಾಣದೆ ಹೇಳೋಕಾಗಲ್ಲ. ಅಪ್ಪಯ್ಯನ ಹತ್ರ ಬಾಯಿ ಮೇಲಿತ್ತಾ ಕೆಳಗಿತ್ತಾ, ಮೀಸೆ ಇತ್ತಾ, ಮೈ ನುಣುಪಾ ಒರಟಾ ಅಂತ ಕೇಳಿ ಬರೆದಿಡಿ, ಊರಿನ ಹೆಸರು, ಹಳ್ಳದ ಹೆಸರು ಸಮೇತ. ಅವರು ಹೇಳಿದ ಹಾಗೇ ಬರೀರಿ, ತಿದ್ದಬೇಡಿ.

ಈ ಸಲ ಮಿರ್ಗಶಿರ ಹಿಡಿದು ಮೊದಲ ಕೆಂಪು ನೀರು ಬಂದ ರಾತ್ರಿ ನಿಮ್ಮ ಹಳ್ಳದಲ್ಲಿ ಕೂಣಿ ಇಡೋಣ. ಅಭಯಾರಣ್ಯದ ಗಡಿ ಎಲ್ಲಿ ಬರುತ್ತೆ ಅಂತ ಮೊದಲೇ ವಿಚಾರಿಸಿಡಿ, ಒಳಗಾದ್ರೆ ಅನುಮತಿ ಇಲ್ಲದೆ ಬೇಡ. ಸ್ಕೇಲು, ಬಿಳಿ ತಟ್ಟೆ, ನೋಟ್‌ಬುಕ್ಕಿಗೆ ಪ್ಲಾಸ್ಟಿಕ್ ಕವರ್ ತನ್ನಿ. ಇಂಬಳಕ್ಕೆ ಸುಣ್ಣ ತಂಬಾಕು ನಾನು ತರ್ತೀನಿ. ಅಣ್ಣನ ಮಗಳನ್ನೂ ಕರ್ಕೊಂಡು ಬನ್ನಿ, ಕೂಗಲ್ಲ ಅಂತ ಮಾತು ಕೊಟ್ರೆ.